ಜೀಪಿನ ನಡುಕ

ಮಲೆನಾಡಿನಲ್ಲಿ ಜೀಪಿಗಿರುವ ಮರ್ಯಾದೆ ಬಯಲುಸೀಮೆಯವರಿಗೆ ಥಟ್ಟನೆ ಅರ್ಥವಾಗತಕ್ಕದ್ದಲ್ಲ. 1941ರಲ್ಲಿ ಅಮೆರಿಕದ ಸೈನ್ಯಕ್ಕಾಗಿ ತಯಾರಾಗತೊಡಗಿದ ಗಾಡಿ ಅದು. ಯುದ್ಧ ಮುಗಿದ ಮೇಲೆ ನಮ್ಮ ಕಾಫಿ ತೋಟಗಳಿಗೂ ಬಂದು ಗೊಬ್ಬರದ ಮೂಟೆ, ಮದುವೆಯ ದಿಬ್ಬಣ, ಬಾಣಂತಿ, ಚುನಾವಣೆಯ ಪೆಟ್ಟಿಗೆ, ಎಲ್ಲವನ್ನೂ ಒಂದೇ ಸಮಚಿತ್ತದಿಂದ ಹೊತ್ತಿತು. ಅದು ಸದ್ದು ಮಾಡುತ್ತದೆ, ಕುಲುಕುತ್ತದೆ, ಮಳೆಗಾಲದಲ್ಲಿ ಸೋರುತ್ತದೆ; ಇದನ್ನೆಲ್ಲ ಯಾರೂ ದೋಷವೆಂದು ಎಣಿಸುವುದಿಲ್ಲ. ಆದುದರಿಂದಲೇ ಜೀಪಿನ ಒಡೆಯನೊಬ್ಬನು ತನ್ನ ಗಾಡಿ ನಡುಗುತ್ತದೆಂದು ದೂರಿದರೆ ಆ ಮಾತನ್ನು ಸ್ವಲ್ಪ ಲಕ್ಷ್ಯಕೊಟ್ಟು ಕೇಳಬೇಕಾಗುತ್ತದೆ.

ದೂರಿದವರು ನನ್ನ ಅಕ್ಕನ ಗಂಡ. ಮೂಡಿಗೆರೆಯ ಕಡೆ ಅವರದೊಂದು ಸಣ್ಣ ತೋಟ. ಮನೆಯಿಂದ ಡಾಂಬರು ರಸ್ತೆಗೆ ಬರುವ ದಾರಿಯಲ್ಲಿ ಒಂದು ಬಂಡೆ ನೆಲದಿಂದ ಅರ್ಧ ತಲೆಯೆತ್ತಿಕೊಂಡಿತ್ತು. ಪ್ರತಿ ಮಳೆಗಾಲವೂ ಅದರ ಸುತ್ತಿನ ಮಣ್ಣು ಕೊಚ್ಚಿಹೋಗಿ ತಲೆ ಇನ್ನಷ್ಟು ಮೇಲೆದ್ದು, ಜೀಪಿನ ಹೊಟ್ಟೆಗೆ ತಾಗುತ್ತಿತ್ತು. ಭಾವ ಜೀಪನ್ನೇ ಎತ್ತರಿಸಲು ನಿರ್ಧರಿಸಿದರು. ಈಚೆಗೆ ಇದೊಂದು ಹುಚ್ಚೇ ಆಗಿದೆ. ಪಟ್ಟಣದ ಹುಡುಗರು ಅಂದಕ್ಕಾಗಿ ಎತ್ತರಿಸುತ್ತಾರೆ, ತೋಟದವರು ಹೊಟ್ಟೆಪಾಡಿಗಾಗಿ. ತಯಾರಕರು ಕೊಟ್ಟ ವಿವರಕ್ಕೆ ಹೊಂದದಂತೆ ಗಾಡಿಯನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಸೆಕ್ಷನ್ ಹೇಳುತ್ತದೆಂಬುದನ್ನು ಇಬ್ಬರೂ ಒಂದೇ ಪ್ರಮಾಣದಲ್ಲಿ ಮರೆತಿರುತ್ತಾರೆ.

ಎತ್ತರಿಸುವ ಕೆಲಸವೇನೂ ದೊಡ್ಡದಲ್ಲ. ಕಮಾನು ಪಟ್ಟಿಗಳಿಗೆ ಇನ್ನೊಂದು ಪಟ್ಟಿ ಸೇರಿಸಿದರು. ಪಟ್ಟಿಯ ತುದಿಯನ್ನು ಚಾಸಿಗೆ ಕಟ್ಟುವ ಶ್ಯಾಕಲ್ ತೆಗೆದು ಉದ್ದನೆಯದನ್ನು ಹಾಕಿದರು. ಜೀಪು 3 ಅಂಗುಲ ಮೇಲೆದ್ದಿತು. ಬಂಡೆ ತಾಗುವುದು ನಿಂತಿತು, ನಡುಕ ಹತ್ತಿತು. ಗಂಟೆಗೆ 45 ಕಿಲೋಮೀಟರು ದಾಟಿದೊಡನೆ ನೆಲದ ತಗಡಿನಿಂದ ಒಂದು ಗುಂಯ್‌ಗುಟ್ಟುವಿಕೆ ಹೊರಟು, ಆಸನವನ್ನು ಹಿಡಿದು, ಬೆನ್ನೆಲುಬಿಗೆ ಏರುತ್ತಿತ್ತು.

ಅವರ ತಾಯಿಗೆ ಮೂತ್ರಪಿಂಡದ ಕಾಯಿಲೆ. ವಾರಕ್ಕೆ ಎರಡು ಸಲ ಅದೇ ಜೀಪಿನಲ್ಲಿ ಚಿಕ್ಕಮಗಳೂರಿಗೆ ಡಯಾಲಿಸಿಸ್‌ಗೆ ಹೋಗಿ ಬರಬೇಕು. ಹೋಗುವಾಗ ಹೇಗೋ ತಡೆದುಕೊಳ್ಳುತ್ತಿದ್ದರು. ಬರುವಾಗ ಮಾತ್ರ, “ಹೊಟ್ಟೆ ಒಳಗೆ ಯಾರೋ ಮಜ್ಜಿಗೆ ಕಡೆದ ಹಾಗೆ ಆಗ್ತದೆ, ಮೆಲ್ಲ ಹೋಗಾ” ಎನ್ನುತ್ತಿದ್ದರು. ಮೆಲ್ಲಗೆ ಹೋದರೆ ಕತ್ತಲಾಗುತ್ತದೆ, ಆನೆಯ ಭಯ. ಇದು ಸೌಕರ್ಯದ ಪ್ರಶ್ನೆ ಮಾತ್ರವೂ ಆಗಿರಲಿಲ್ಲ. ಗೇರುಪೆಟ್ಟಿಗೆಯಿಂದ ಹಿಂದಿನ ಆಕ್ಸಲ್ಲಿಗೆ ಶಕ್ತಿಯನ್ನು ಒಯ್ಯುವ ಶಾಫ್ಟಿನ ಮುಂತುದಿ ಓಡುವಾಗ ಕಳಚಿದರೆ, ಅದು ರಸ್ತೆಗೆ ನಾಟಿಕೊಂಡು ಗಾಡಿಯನ್ನೇ ಬುಡಮೇಲು ಮಾಡಬಲ್ಲುದು. ಬಹಳ ದಿನ ನಡುಗಿದ್ದು ಒಂದು ದಿನ ಕಳಚುತ್ತದೆ.

ದೊಡ್ಡ ಊರೊಂದರ ವರ್ಕ್‌ಷಾಪಿನಲ್ಲಿ ತೋರಿಸಿದ್ದಾಯಿತು. ಅಲ್ಲಿಯವರು ಚಕ್ರಗಳನ್ನು ಎರಡು ಸಲ ತೂಗಿ ಸೀಸ ಅಂಟಿಸಿದರು, ಟೈರು ಮಾರಿದರು, ಶಾಫ್ಟಿನ ಎರಡು ತುದಿಯ ಯು.ಜೆ. ಕ್ರಾಸುಗಳನ್ನೂ ಹೊಸದು ಹಾಕಿದರು. ಕೊನೆಗೆ, ಆಕ್ಸಲ್ಲಿನ ಮೂತಿ ಶಾಫ್ಟಿಗೆ ನೇರವಾಗಿಲ್ಲವೆಂದು, ಕಮಾನು ಪಟ್ಟಿಗೂ ಆಕ್ಸಲ್ಲಿಗೂ ನಡುವೆ ಉಕ್ಕಿನ ಬೆಣೆ ಹೊಡೆದು ಮೂತಿಯನ್ನು ಮೇಲಕ್ಕೆತ್ತಿದರು. ನಡುಕ ಹೆಚ್ಚಿತು. ಬಿಲ್ಲೂ ಹೆಚ್ಚಿತೆಂದು ಹೇಳಬೇಕಾಗಿಲ್ಲವಷ್ಟೆ.

ರೋಗ ಹಿಡಿದವನು ಮೂಡಿಗೆರೆಯಲ್ಲೇ ಇದ್ದ ಒಬ್ಬ ಮುದುಕ ಮೆಕ್ಯಾನಿಕ್ಕು. ಭಾವ, “ಇಡೀ ಗಾಡಿ ನಡುಗ್ತದೆ ಮಾರಾಯ” ಎಂದು ಸುರು ಮಾಡಿದರು. ಆತ, “ಎಲ್ಲಿ ಅಂತ ನಾನು ಕೇಳ್ಲಿಲ್ಲ ಗೌಡ್ರೇ. ಯಾವಾಗ ಅಂತ ಹೇಳಿ” ಎಂದ. ನನಗೆ ಆ ಪ್ರಶ್ನೆಯಲ್ಲಿಯೇ ಅರ್ಧ ಉತ್ತರವಿದ್ದಂತೆ ಈಗ ತೋರುತ್ತದೆ. ನಡುಕವು ಹುಟ್ಟಿದ ಮನೆಯಲ್ಲಿ ನಿಲ್ಲುವ ಪ್ರಾಣಿಯಲ್ಲ. ಎಲ್ಲಿ ತಗಡು ಸಡಿಲವೋ ಅಲ್ಲಿ ಹೋಗಿ ಕೂಗುತ್ತದೆ. ಆದರೆ ಅದರ ಕಾಲವನ್ನು ಮಾತ್ರ ಮರೆಮಾಚಲಾರದು.

ಮೂವರೂ ಜೀಪು ಹತ್ತಿ ರಸ್ತೆಗಿಳಿದೆವು. 55ರ ವೇಗದಲ್ಲಿ ಆತ ಕ್ಲಚ್ಚು ಒತ್ತಿದ; ಇಂಜಿನ್ನಿನ ಸದ್ದು ಇಳಿಯಿತು, ನಡುಕ ಇಳಿಯಲಿಲ್ಲ. ಇಂಜಿನ್ನು ನಿರಪರಾಧಿ. ಅದೇ ವೇಗದಲ್ಲಿ ಗೇರು ಬದಲಿಸಿದ. ನಡುಕದ ಶ್ರುತಿ ಬದಲಾಗಲಿಲ್ಲ. ಹಾಗಾದರೆ ಅದು ಗೇರುಪೆಟ್ಟಿಗೆಯಿಂದ ಹಿಂದಕ್ಕೆ, ಚಕ್ರದ ವೇಗದೊಡನೆ ತಿರುಗುವ ಯಾವುದೋ ಒಂದರದು. ಆಮೇಲೆ ಅವನು ಮಾಡಿದ ಲೆಕ್ಕ ನನಗೆ ಬಹಳ ಹಿಡಿಸಿತು. ಆ ವೇಗದಲ್ಲಿ ಚಕ್ರ ಸೆಕೆಂಡಿಗೆ ಸುಮಾರು 7 ಸುತ್ತು ಸುತ್ತುತ್ತದೆ. ಚಕ್ರದ ದೋಷವಾದರೆ ಸ್ಟೀರಿಂಗು ಬಡಬಡ ಕುಣಿಯುತ್ತದೆ, ಹೆಚ್ಚು ಕಡಿಮೆ ಎಣಿಸಬಹುದು. ಶಾಫ್ಟು ಚಕ್ರಕ್ಕಿಂತ ಸುಮಾರು 5 ಪಟ್ಟು ಬೇಗ, ಅಂದರೆ 35 ಸುತ್ತು. ನಮ್ಮದು ಎಣಿಸಲಾಗದ ಗುಂಯ್‌ಕಾರ. ಟೈರು ಮಾರಿದವರು ಇಷ್ಟನ್ನು ಕಿವಿಯಿಂದಲೇ ತಿಳಿಯಬಹುದಾಗಿತ್ತು.

ಜೀಪಿಗೆ ಶಾಫ್ಟುಗಳು ಎರಡು. ಮುಂದಿನ ಚಕ್ರಗಳಿಗೊಂದು, ಹಿಂದಿನವಕ್ಕೊಂದು. ನಾಲ್ಕು ಚಕ್ರದ ಗೇರು ಹಾಕದಿದ್ದರೂ ಈ ಹಳೆಯ ಗಾಡಿಗಳಲ್ಲಿ ಮುಂದಿನ ಶಾಫ್ಟು ಸುಮ್ಮನೆ ಸುತ್ತುತ್ತಲೇ ಇರುತ್ತದೆ. ಅದನ್ನು ಬಿಚ್ಚಿ ಹಿಂದಿನ ಆಸನದಡಿ ಇಟ್ಟು ಮತ್ತೆ ಓಡಿಸಿದ್ದಾಯಿತು. ನಡುಕ ಇದ್ದೇ ಇತ್ತು. ಉಳಿದದ್ದು ಹಿಂದಿನ ಶಾಫ್ಟು. ಅದರ ಕ್ರಾಸುಗಳನ್ನು ಕೈಯಲ್ಲಿ ಹಿಡಿದು ಅಲುಗಿಸಿದ; ಆಟವಿಲ್ಲ, ತುಕ್ಕಿನ ಕೆಂಪು ಪುಡಿಯಿಲ್ಲ. ಶಾಫ್ಟಿನ ಜಾರುವ ತುಂಡನ್ನು ಜೋಡಿಸುವಾಗ ಎರಡು ತುದಿಯ ಕವೆಗಳು ಒಂದೇ ನೇರಕ್ಕೆ ಬರಬೇಕು. ಬಂದಿದ್ದವು. ಕವಲುಗಳೆಲ್ಲ ಮುಗಿದವು.

ಈ ಕ್ರಾಸಿನ ವಿಷಯ ಸ್ವಲ್ಪ ಹೇಳಲೇಬೇಕು. ಗೇರುಪೆಟ್ಟಿಗೆ ಮೇಲಿದೆ, ಆಕ್ಸಲ್ಲು ಕೆಳಗಿದೆ, ಆಕ್ಸಲ್ಲು ಕುಣಿಯುತ್ತಲೂ ಇರುತ್ತದೆ. ಆದುದರಿಂದ ನಡುವಿನ ಶಾಫ್ಟು ಎರಡು ತುದಿಗಳಲ್ಲೂ ಬಾಗಿ ತಿರುಗಬೇಕು. ಅದಕ್ಕಾಗಿ ಈ ಕೀಲು. 17ನೆಯ ಶತಮಾನದ ರಾಬರ್ಟ್ ಹುಕ್‌ನ ಹೆಸರು ಇಂದಿಗೂ ಅದಕ್ಕೆ ಅಂಟಿಕೊಂಡಿದೆ. ಬಹಳ ಜಾಣ ಕೀಲು, ಆದರೆ ಒಂದು ವಕ್ರಬುದ್ಧಿಯುಂಟು. ಬಾಗಿದ ಕೀಲಿನ ಒಂದು ಕಡೆ ಸಮವೇಗದಿಂದ ತಿರುಗಿಸಿದರೆ ಇನ್ನೊಂದು ಕಡೆ ಸಮವೇಗದಿಂದ ತಿರುಗುವುದಿಲ್ಲ. ಒಂದು ಸುತ್ತಿನಲ್ಲಿ ಎರಡು ಸಲ ಮುಂದೋಡುತ್ತದೆ, ಎರಡು ಸಲ ಹಿಂದುಳಿಯುತ್ತದೆ. ಸುತ್ತು ಮುಗಿಯುವ ವೇಳೆಗೆ ಲೆಕ್ಕ ಸರಿಹೋಗುತ್ತದೆ. ತರಗತಿಯಲ್ಲಿ ಛಂದಸ್ಸು ಹೇಳುವ ನನಗೆ ಇದು ಪರಿಚಿತವಾದ ರೋಗವೇ. ಸಾಲಿನ ಮಾತ್ರೆಗಳನ್ನು ಕೂಡಿದರೆ ಸರಿಯಾಗಿರುತ್ತವೆ. ಗಣ ಒಡೆದು ಓದಿದರೆ ನಾಲಿಗೆ ಎಡವುತ್ತದೆ. 35 ಸುತ್ತಿಗೆ ಎರಡೆರಡರಂತೆ ಸೆಕೆಂಡಿಗೆ 70 ಎಡವು: ಅದೇ ನಮ್ಮ ಗುಂಯ್‌ಕಾರ.

ಹಾಗಾದರೆ ಎತ್ತರಿಸದ ಜೀಪು ಯಾಕೆ ಎಡವುವುದಿಲ್ಲ? ಅಲ್ಲಿಯೂ ಮೇಲಿನ ಕೀಲು ಎಡವುತ್ತದೆ. ಆದರೆ ಕೆಳಗಿನ ಕೀಲು ಅಷ್ಟೇ ಕೋನದಲ್ಲಿ ಬಾಗಿದ್ದು, ಅದರ ಎಡವನ್ನು ಸರಿಯಾಗಿ ಎದುರು ಎಡವಿ ಅಳಿಸಿಬಿಡುತ್ತದೆ. ಎರಡು ಸೊಟ್ಟ ಸೇರಿ ಒಂದು ನೆಟ್ಟಗೆ. ವರ್ಕ್‌ಷಾಪಿನವರು ಕೆಡಿಸಿದ್ದು ಇದನ್ನೇ. ಉದ್ದನೆಯ ಶ್ಯಾಕಲ್ ಮೊದಲೇ ಆಕ್ಸಲ್ಲಿನ ಮೂತಿಯನ್ನು ಮೇಲಕ್ಕೆ ತಿರುವಿತ್ತು. ಬೆಣೆ ಅದನ್ನು ಇನ್ನಷ್ಟು ಎತ್ತಿ ಕೆಳಗಿನ ಕೀಲನ್ನು ಹೆಚ್ಚು ಕಡಿಮೆ ನೇರ ಮಾಡಿತು. ನೇರವಾದದ್ದು ಒಳ್ಳೆಯದೆಂದು ಕಣ್ಣಿಗೆ ಯಾರಿಗಾದರೂ ತೋರುತ್ತದೆ. ಮೇಲಿನ ಕೀಲಿನ ಎಡವಿಗೆ ಎದುರಾಗಿ ನಿಲ್ಲುವವರು ಮಾತ್ರ ಇಲ್ಲವಾದರು.

ಅಕ್ಕನ ಮಗನ ಮೊಬೈಲಿನಲ್ಲಿ ಓಟ ಅಳೆಯುವ ಒಂದು ಸಾಧನವಿತ್ತು. ಅದನ್ನು ಮೂರು ಕಡೆ ಇಟ್ಟು ನೋಡಿದರು. ಗೇರುಪೆಟ್ಟಿಗೆಯ ಬಾಯಿ 3 ಡಿಗ್ರಿ ಕೆಳಮುಖ, ಶಾಫ್ಟಿನ ಓಟ 14 ಡಿಗ್ರಿ, ಆಕ್ಸಲ್ಲಿನ ಮೂತಿ 10 ಡಿಗ್ರಿ ಮೇಲ್ಮುಖ. ಮೇಲಿನ ಕೀಲಿನಲ್ಲಿ 11, ಕೆಳಗೆ 4. ಹನ್ನೊಂದು ಡಿಗ್ರಿಯ ಕೀಲು ವೇಗವನ್ನು ಹೆಚ್ಚೂಕಡಿಮೆ ನೂರಕ್ಕೆ ಎರಡರಷ್ಟು ಏರಿಳಿಸುತ್ತದೆ. ನಾಲ್ಕು ಡಿಗ್ರಿಯದು ನೂರಕ್ಕೆ ಕಾಲುಭಾಗದಷ್ಟು. ಒಂದು ಇನ್ನೊಂದನ್ನು ಅಳಿಸುವುದೆಲ್ಲಿಂದ ಬಂತು!

ಮುದುಕ ಬೆಣೆಯನ್ನು ತೆಗೆದುಹಾಕಿದ. ಅಷ್ಟಕ್ಕೇ ಬಿಡಲಿಲ್ಲ. ಎರಡು ಕಡೆಯೂ 11 ಡಿಗ್ರಿಯಾದರೆ ತುದಿಗಳು ಸಮವಾಗಿ ತಿರುಗಿಯಾವು. ನಡುವಿನ ಶಾಫ್ಟು ಮಾತ್ರ ತಾನು ಓಡಿ, ತಾನು ನಿಂತು ಒದ್ದಾಡುತ್ತಲೇ ಇರುತ್ತದೆ. ಜೀಪಿನದು ಗಿಡ್ಡ ಶಾಫ್ಟು, ಸ್ವಲ್ಪ ಎತ್ತರಕ್ಕೇ ಕೋನ ಬಹಳ ಏರುತ್ತದೆ. “ಮೂರು ಇಂಚು ಇದಕ್ಕೆ ಜಾಸ್ತಿ ಗೌಡ್ರೇ, ಅರ್ಧ ಇಳಿಸಿ” ಎಂದ. ಭಾವನಿಗೆ ಒಪ್ಪಿಗೆಯಿರಲಿಲ್ಲ. ಜಗಲಿಯ ಮೇಲೆ ಕುಳಿತಿದ್ದ ಅವರ ತಾಯಿ, “ಅವ ಹೇಳಿದ ಹಾಗೆ ಮಾಡಾ” ಎಂದರು. ಹಳೆಯ ಶ್ಯಾಕಲ್ಲುಗಳು ಕೊಟ್ಟಿಗೆಯ ಅಟ್ಟದಿಂದ ಇಳಿದುಬಂದವು. ಮತ್ತೆ ಅಳೆದಾಗ ಮೇಲೆ 8, ಕೆಳಗೆ 9. ಕೆಳಗಿನ ಒಂದು ಡಿಗ್ರಿ ಹೆಚ್ಚನ್ನು ಆತ ಬೇಕೆಂದೇ ಬಿಟ್ಟಿದ್ದ. ಆಕ್ಸಿಲರೇಟರು ತುಳಿದಾಗ ಕಮಾನು ಪಟ್ಟಿ ತಿರುಚಿಕೊಂಡು ಮೂತಿ ತಾನಾಗಿ ಅಷ್ಟು ಮೇಲೇಳುತ್ತದಂತೆ.

60ರವರೆಗೆ ಈಗ ಏನೂ ಇಲ್ಲ. 65 ದಾಟಿದರೆ ತೆಳ್ಳಗೆ ಒಂದು ದನಿ ಬರುತ್ತದೆ. ತಾಯಿ ಕುಳಿತಿರುವಾಗ ಭಾವ ಅಷ್ಟು ಓಡಿಸುವುದಿಲ್ಲ. ಮುದುಕ ತೆಗೆದುಕೊಂಡದ್ದು ಒಂದು ದಿನದ ಕೂಲಿ ಮತ್ತು ಗ್ರೀಸಿನ ದುಡ್ಡು. ಜೀಪು ಒಂದೂವರೆ ಅಂಗುಲ ಇಳಿದದ್ದರಿಂದ ದಾರಿಯ ಬಂಡೆ ಮತ್ತೆ ತಾಗತೊಡಗಿತ್ತು. ಮರುವಾರ ಇಬ್ಬರು ಕಲ್ಲು ಒಡೆಯುವವರನ್ನು ಕರೆಸಿ ಅದನ್ನು ಒಡೆಸಿದರು. ಚೂರುಗಳನ್ನು ಆ ಗುಂಡಿಗೇ ತುಂಬಿದ್ದಾರೆ.