ಹೊಸ ತಲೆ, ಹಳೆಯ ಗಡ್ಡ

ಶೇವರಿಗೂ ಒಂದು ತಲೆ ಇರುತ್ತದೆ, ಅದು ಸವೆದರೆ ಬೇರೆ ತಲೆ ತಂದು ಕೂರಿಸಬಹುದು ಎನ್ನುವುದು ನಲವತ್ತಾರು ವರ್ಷದವರೆಗೂ ನನಗೆ ಗೊತ್ತಿರಲಿಲ್ಲ. ಪುರಾಣದಲ್ಲಿ ಗಣಪತಿಗೂ ದಕ್ಷನಿಗೂ ಸಿಕ್ಕ ಸವಲತ್ತು ಇದು. ಉಳಿದವರೆಲ್ಲ ಹುಟ್ಟಿನಿಂದ ಬಂದ ತಲೆಯಲ್ಲೇ ಕಾಲ ಹಾಕಬೇಕು. ಆಫೀಸಿನಲ್ಲಿದ್ದಾಗ ಅಂಗಡಿಯವರು ಫೋನ್ ಮಾಡಿ, “ಸಾರ್, ನಿಮ್ಮ ತಲೆ ಬಂದಿದೆ, ತಗೊಂಡು ಹೋಗಿ” ಎಂದರು. ಪಕ್ಕದ ಮೇಜಿನವರಿಗೂ ಅದು ಕೇಳಿಸಿತು. “ಏನ್ರೀ, ಶುಕ್ರವಾರವೇ ತಲೆಮಾಂಸಕ್ಕೆ ಹೇಳಿಟ್ಟಿದ್ದೀರಾ?” ಎಂದು ನಕ್ಕರು.

ತಲೆಯ ಮಾತು ಹಾಗಿರಲಿ, ಗಡ್ಡದ ಮಾತೂ ನಮ್ಮಲ್ಲಿ ಸ್ವಲ್ಪ ವಿಚಿತ್ರವೇ. ಗಡ್ಡ ತೆಗೆಯುವುದಕ್ಕೆ ನಾವು ‘ಗಡ್ಡ ಮಾಡಿಕೊಳ್ಳುವುದು’ ಎನ್ನುತ್ತೇವೆ. ಇರುವುದನ್ನು ಇಲ್ಲವಾಗಿಸುವ ಕೆಲಸಕ್ಕೆ ‘ಮಾಡುವುದು’ ಎಂಬ ಹೆಸರು! ‘ಹೆರೆಯುವುದು’ ಎಂದರೆ ಹೆರೆಮಣೆಯೂ ತೆಂಗಿನಕಾಯಿಯೂ ನೆನಪಾಗುತ್ತವೆ. ‘ಬೋಳಿಸುವುದು’ ಎಂದರೆ ಯಾರೋ ಯಾರಿಗೋ ಮೋಸ ಮಾಡಿದಂತೆ ಕೇಳುತ್ತದೆ. ಹಾಗಾಗಿ ನಮ್ಮ ಮನೆಯಲ್ಲಿ ‘ಗಡ್ಡ ಮಾಡಿಕೊಳ್ಳುವುದು’ ಎಂದೇ ರೂಢಿ. ಅಪ್ಪ ಐವತ್ತು ವರ್ಷ ಬಚ್ಚಲುಮನೆಯ ಕಿಟಕಿಗೆ ಸಣ್ಣ ಕನ್ನಡಿ ಆನಿಸಿಕೊಂಡು ದಿನ ಬಿಟ್ಟು ದಿನ ಗಡ್ಡ ಮಾಡಿಕೊಂಡರು. ಈಗ ಮೂರು ವರ್ಷದಿಂದ ನಾನು ಅವರಿಗೆ ಗಡ್ಡ ಮಾಡುತ್ತಿದ್ದೇನೆ. ‘ಕೊಳ್ಳು’ ಎನ್ನುವ ಎರಡಕ್ಷರ ಎಷ್ಟು ದೊಡ್ಡದು ಎಂದು ನನಗೆ ಗೊತ್ತಾದದ್ದು ಅದು ಬಿಟ್ಟುಹೋದ ಮೇಲೆ.

ಅಪ್ಪ ಶಿವಮೊಗ್ಗದ ಗಾಂಧಿ ಬಜಾರಿನ ಹಿಂದಿನ ಓಣಿಯಲ್ಲಿ ಟೈಲರ್ ಅಂಗಡಿ ಇಟ್ಟಿದ್ದರು. ಪ್ಯಾಂಟು, ಶರ್ಟು, ಮದುವೆ ಕಾಲದಲ್ಲಿ ಕೋಟು. ಮೂರು ವರ್ಷದ ಹಿಂದೆ ಪಾರ್ಶ್ವವಾಯು ಬಡಿಯಿತು. ಹೃದಯದ ಬಡಿತ ತಾಳ ತಪ್ಪಿ, ಒಳಗೆ ಹೆಪ್ಪುಗಟ್ಟಿದ ರಕ್ತದ ತುಣುಕೊಂದು ಮಿದುಳಿನ ಎಡಭಾಗಕ್ಕೆ ಹೋಗಿ ಸಿಕ್ಕಿಕೊಂಡಿತ್ತು. ಕತ್ತರಿ ಹಿಡಿಯುತ್ತಿದ್ದ ಬಲಗೈ ಸೋತಿತು, ಬಲಗಾಲು ಎಳೆಯತೊಡಗಿತು, ಮಾತು ಹೋಯಿತು. ಹೇಳಿದ್ದೆಲ್ಲ ಅರ್ಥವಾಗುತ್ತದೆ, ಆದರೆ ಬಾಯಿಂದ ಹೊರಡುವುದು ‘ಹೂಂ’, ‘ಬ್ಯಾಡ’, ‘ಸಾಕು’ ಎಂಬ ಮೂರೇ ಮಾತು. ಮತ್ತೆ ಹೆಪ್ಪುಗಟ್ಟಬಾರದೆಂದು ವಾರ್ಫರಿನ್ ಮಾತ್ರೆ ಶುರುವಾಯಿತು. ಐಎನ್‌ಆರ್ ಎನ್ನುವ ರಕ್ತಪರೀಕ್ಷೆಯ ಅಂಕಿ 2ರಿಂದ 3ರ ನಡುವೆ ಇರಬೇಕು. ಕಡಿಮೆಯಾದರೆ ಹೆಪ್ಪಿನ ಭಯ, ಹೆಚ್ಚಾದರೆ ರಕ್ತ ಸೋರುವ ಭಯ. “ಬ್ಲೇಡ್ ಮುಟ್ಟಿಸಬೇಡಿ. ಒಂದು ಎಲೆಕ್ಟ್ರಿಕ್ ಶೇವರ್ ತಗೊಳ್ಳಿ. ಹಲ್ಲುಜ್ಜೋ ಬ್ರಶ್ಶೂ ಮೆತ್ತಗಿರಲಿ” ಎಂದರು ಡಾಕ್ಟರು. ಹೀಗೆ ನಮ್ಮ ಮನೆಗೆ ಶೇವರ್ ಬಂತು.

ಈ ಯಂತ್ರವನ್ನು ಮೊದಲು ಮಾರುಕಟ್ಟೆಗೆ ತಂದದ್ದು ಅಮೆರಿಕದ ಸೈನ್ಯದಲ್ಲಿದ್ದ ಜೇಕಬ್ ಶಿಕ್, 1931ರಲ್ಲಿ. ನಮ್ಮ ಮನೆಯಲ್ಲಿರುವಂಥ, ಬ್ಲೇಡು ಗುಂಡಗೆ ತಿರುಗುವ ಶೇವರನ್ನು ರೂಪಿಸಿದವರು ಹಾಲೆಂಡಿನ ಫಿಲಿಪ್ಸ್ ಕಂಪನಿಯಲ್ಲಿದ್ದ ಎಂಜಿನಿಯರ್ ಅಲೆಕ್ಸಾಂಡರ್ ಹೊರೊವಿಟ್ಸ್. 1939ರಲ್ಲಿ ಅದು ಬಂದಾಗ ಇದ್ದದ್ದು ಒಂದೇ ತಲೆ. ನಮ್ಮದಕ್ಕೆ ಮೂರು. ಪ್ರತಿ ತಲೆಯಲ್ಲೂ ಎರಡು ಭಾಗ: ಹೊರಗೆ ಸೀಳುಗಳಿರುವ ತೆಳು ಉಕ್ಕಿನ ಜಾಲರಿ, ಅದರ ಕೆಳಗೆ ತಿರುಗುವ ಬ್ಲೇಡು. ಚರ್ಮಕ್ಕೆ ತಾಗುವುದು ಜಾಲರಿ ಮಾತ್ರ. ಕೂದಲು ಸೀಳಿನೊಳಗೆ ಇಣುಕುತ್ತದೆ, ಬ್ಲೇಡು ಬಂದು ಅಲ್ಲೇ ಕತ್ತರಿಸುತ್ತದೆ. ಬ್ಲೇಡಿಗೂ ಚರ್ಮಕ್ಕೂ ನಡುವೆ ಒಂದು ತೆರೆ ಇದ್ದೇ ಇರುತ್ತದೆ. ಡಾಕ್ಟರು ಧೈರ್ಯವಾಗಿ ಶೇವರ್ ಹೇಳಿದ್ದು ಆ ತೆರೆಯ ಭರವಸೆಯಿಂದ.

ಜೊತೆಗೆ ಬಂದ ಪುಸ್ತಿಕೆಯನ್ನು ನಾನು ಒಂದು ಸಂಜೆ ಪೂರ್ತಿ ಓದಿದೆ. ಅದರಲ್ಲಿ ಒಂದು ಎಚ್ಚರಿಕೆ ಇತ್ತು. ತೊಳೆಯಲು ಬಿಚ್ಚುವಾಗ ಒಂದೊಂದೇ ತಲೆ ಬಿಚ್ಚಿ. ಒಂದರ ಬ್ಲೇಡನ್ನು ಇನ್ನೊಂದರ ಜಾಲರಿಗೆ ಕೂರಿಸಬೇಡಿ. ಅದಲುಬದಲಾದರೆ ಮೊದಲಿನಂತೆ ಗಡ್ಡ ಹೋಗಲು ಹಲವು ವಾರ ಬೇಕಾದೀತು ಎಂದು. ಮೂರೂ ಒಂದೇ ಅಳತೆಯವು, ಒಂದೇ ಡಬ್ಬಿಯಲ್ಲಿ ಬಂದವು. ಆದರೂ ಆ ಬ್ಲೇಡು ಆ ಜಾಲರಿಗೇ ಆಗಬೇಕು. ಯಾಕೆಂದರೆ ದಿನವೂ ಉಜ್ಜಿ ಉಜ್ಜಿ ಅವೆರಡೂ ಒಂದನ್ನೊಂದು ಮಸೆದುಕೊಂಡಿರುತ್ತವೆ. ಇದರ ಉಬ್ಬಿಗೆ ಅದರ ತಗ್ಗು ಹೊಂದಿಕೊಂಡಿರುತ್ತದೆ. ಐವತ್ತು ವರ್ಷ ಸಂಸಾರ ಮಾಡಿದವರ ಜಗಳದ ಹಾಗೆ. ಮೂರನೆಯವರ ಜೊತೆ ಅದೇ ಜಗಳ ಆಡಲು ಬರುವುದಿಲ್ಲ.

ಉಕ್ಕು ಸವೆಯುವುದು ಉಕ್ಕಿನಿಂದ ಮಾತ್ರವಲ್ಲ, ಕೂದಲಿನಿಂದಲೂ. ಅಮೆರಿಕದ ಎಂಐಟಿಯ ವಿಜ್ಞಾನಿಗಳು 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಈ ಕುರಿತು ಬರೆದಿದ್ದರು. ಬ್ಲೇಡಿನ ಉಕ್ಕು ಕೂದಲಿಗಿಂತ ಸುಮಾರು 50 ಪಟ್ಟು ಗಡಸು. ಆದರೂ ಗಡ್ಡ ಹೆರೆಯುವಾಗ ಕೂದಲು ಒಂದು ಕೋನದಲ್ಲಿ ಬಾಗಿ ತಾಗಿದರೆ, ಅದೂ ಉಕ್ಕಿನ ದುರ್ಬಲ ಜಾಗಕ್ಕೇ ತಾಗಿದರೆ, ಅಂಚಿನ ಚೂರು ಮುಕ್ಕಾಗುತ್ತದೆ. ಅವರು ನೋಡಿದ್ದು ಸಾಮಾನ್ಯ ರೇಜರಿನ ಬ್ಲೇಡನ್ನು. ನಮ್ಮ ಶೇವರಿಗೂ ಆಯಸ್ಸು ಅಂತ ಒಂದಿದೆ: ಎರಡು ವರ್ಷಕ್ಕೊಮ್ಮೆ ತಲೆ ಬದಲಿಸಿ ಎಂದು ಪುಸ್ತಿಕೆ ಹೇಳುತ್ತದೆ. ನಮ್ಮದು ಎರಡೂವರೆ ವರ್ಷ ಬಂತು. ಕೊನೆಕೊನೆಗೆ ಹತ್ತು ನಿಮಿಷದ ಕೆಲಸಕ್ಕೆ ಇಪ್ಪತ್ತೈದು ನಿಮಿಷ. ಕುತ್ತಿಗೆಯ ಮಡಿಕೆಗಳಲ್ಲಿ ಅಲ್ಲಲ್ಲಿ ಬಿಳಿ ಕೂದಲು ಉಳಿಯುತ್ತಿತ್ತು. ಕೆಲವೊಮ್ಮೆ ಕತ್ತರಿಸದೆ ಎಳೆಯುತ್ತಿತ್ತು. ಅಪ್ಪ ಕಣ್ಣು ಮುಚ್ಚಿಕೊಂಡು ಸಹಿಸುತ್ತಿದ್ದರು. ಹೊಸ ಶೇವರಿನ ಬೆಲೆಯ ಅರ್ಧಕ್ಕಿಂತ ಹೆಚ್ಚು ಕೊಟ್ಟು ಹೊಸ ತಲೆ ತರಿಸಿದೆ. ಇನ್ನು ಸುಖ ಎಂದುಕೊಂಡೆವು.

ಮೊದಲ ದಿನವೇ ಬೇರೆ ಸದ್ದು. ಹಳೆಯದು ದುಂಬಿಯಂತೆ ಗುಂಯ್ಗುಡುತ್ತಿತ್ತು. ಇದು ಸೊಳ್ಳೆಯಂತೆ ಸಣ್ಣ ರಾಗ ಎಳೆಯಿತು. ಕೆನ್ನೆಗೆ ಇಟ್ಟೊಡನೆ ಅಪ್ಪ ಬೆಚ್ಚಿದರು. ಹಳೆಯದು ಜಾರಿಕೊಂಡು ಹೋಗುತ್ತಿದ್ದ ಕಡೆ ಇದು ತಡೆದು ತಡೆದು ನಡೆಯಿತು. ಗಡ್ಡ ಹೋಯಿತು, ನಿಜ. ಆದರೆ ಸಂಜೆಗೆ ಕುತ್ತಿಗೆ ಕೆಂಪಾಗಿ ಸಣ್ಣ ಗುಳ್ಳೆಗಳೆದ್ದವು. ಯಾರ ಕುತ್ತಿಗೆಯಾದರೂ ಕೊಬ್ಬರಿ ಎಣ್ಣೆ ಸವರಿ ಸುಮ್ಮನಾಗಬಹುದು. ವಾರ್ಫರಿನ್ ತೆಗೆದುಕೊಳ್ಳುವವರ ಕುತ್ತಿಗೆಯಲ್ಲಿ ಕೆಂಪು ಕಂಡರೆ ಮನೆಯವರೆಲ್ಲ ಕನ್ನಡಕ ಹುಡುಕುತ್ತಾರೆ. ಟಾರ್ಚ್ ಹಾಕಿ ನೋಡಿದೆವು. ರಕ್ತ ಇರಲಿಲ್ಲ, ಉರಿ ಮಾತ್ರ. ಹೊಸದಾಗಿ ಬಳಸುವಾಗ ಚರ್ಮ ಒಗ್ಗಲು ಎರಡು ಮೂರು ವಾರ ಬೇಕಾಗಬಹುದೆಂದು ಪುಸ್ತಿಕೆಯಲ್ಲೇ ಇತ್ತು. “ಹಳೇದನ್ನೇ ಹಾಕೋ, ಅದಕ್ಕೆ ಇವರ ಮುಖ ಗೊತ್ತಿತ್ತು” ಎಂದಳು ಅಮ್ಮ.

ಅಮ್ಮ ಹೇಳಿದ್ದು ತಪ್ಪೂ ಅಲ್ಲ. ಹಳೆಯ ತಲೆ ದಿನದಿಂದ ದಿನಕ್ಕೆ ಮೊಂಡಾಗುತ್ತ ಹೋದಾಗ ನಮಗೆ ಗೊತ್ತೇ ಆಗಿರಲಿಲ್ಲ. ಮೊಂಡಾದಷ್ಟೂ ನನ್ನ ಕೈ ಭಾರ ಹೆಚ್ಚಿಸಿಕೊಂಡಿತು; ಭಾರ ಹೆಚ್ಚಿದಷ್ಟೂ ಅಪ್ಪನ ಚರ್ಮ ಅದಕ್ಕೆ ಸಜ್ಜಾಯಿತು. ಸುಖ ಎಂದು ನಾವು ಕರೆಯುತ್ತಿದ್ದುದು ಮೂವರೂ ಸೇರಿ ಮಾಡಿಕೊಂಡ ಒಂದು ರಾಜಿ. ಹರಿತವಾದದ್ದು ಬಂದಾಗ ಆ ರಾಜಿ ಮುರಿಯಿತು. ಹೊಸ ತಲೆಗೆ ಭಾರ ಬೇಕಿಲ್ಲ, ಆದರೆ ಎರಡೂವರೆ ವರ್ಷ ಒತ್ತಿ ಅಭ್ಯಾಸವಾದ ಕೈಗೆ ಹಗುರವಾಗು ಎಂದು ಹೇಳಿದರೆ ಅದು ಕೇಳುವುದಿಲ್ಲ.

ಇದು ಅಪ್ಪನಿಗೆ ಹೊಸ ವಿಷಯವಲ್ಲ. ಆಗೆಲ್ಲ ಸಾಣೆ ಹಿಡಿಯುವವರು ಸೈಕಲ್ಲಿನ ಮೇಲೆ ಕಲ್ಲಿನ ಚಕ್ರ ಕಟ್ಟಿಕೊಂಡು ಓಣಿಗೆ ಬರುತ್ತಿದ್ದರು. ಪೆಡಲ್ ತುಳಿದರೆ ಚಕ್ರ ತಿರುಗಿ ಕಿಡಿ ಹಾರುತ್ತಿತ್ತು. ನಾವು ಮಕ್ಕಳು ಸುತ್ತ ನೆರೆಯುತ್ತಿದ್ದೆವು. ಸಾಣೆ ಹಿಡಿಸಿದ ಕತ್ತರಿಯನ್ನು ಅಪ್ಪ ಅವತ್ತೇ ಗಿರಾಕಿಯ ಬಟ್ಟೆಗೆ ಹಾಕುತ್ತಿರಲಿಲ್ಲ. ಎರಡು ದಿನ ಚಿಂದಿ ಕತ್ತರಿಸುತ್ತಿದ್ದರು. ಕತ್ತರಿ ಇಷ್ಟು ಚೆನ್ನಾಗಿ ಓಡುವಾಗ ಯಾಕೆ ಕಾಯುತ್ತೀಯ ಎಂದು ಒಮ್ಮೆ ಕೇಳಿದ್ದೆ. “ಕತ್ತರಿಗೆ ಏನಾಗಿದೆ ಮಗಾ, ಕೈ ಕೂರ್ಬೇಕಲ್ಲ. ಮೊಂಡು ಕತ್ತರಿ ನಾವು ತಳ್ಳಿದಷ್ಟು ಹೋಗುತ್ತೆ. ಹರಿತದ್ದು ತಾನೇ ಹೋಗುತ್ತೆ, ಗೆರೆ ದಾಟಿದ್ದೂ ಗೊತ್ತಾಗಲ್ಲ” ಎಂದಿದ್ದರು.

ಐದನೆಯ ಸಲ, ಅಂದರೆ ಸುಮಾರು ಹತ್ತು ದಿನ ಕಳೆದ ಮೇಲೆ, ಕುತ್ತಿಗೆಗೆ ಶೇವರ್ ತರುತ್ತಿದ್ದಂತೆ ಅಪ್ಪ “ಬ್ಯಾಡ” ಎಂದು ಮುಖ ಗೋಡೆಗೆ ತಿರುಗಿಸಿದರು. ಹಟ ಮಾಡುವವರಲ್ಲ ಅವರು. ಸ್ನಾನ, ಬಟ್ಟೆ, ಇನ್ನೊಬ್ಬರ ತೋಳು ಹಿಡಿದು ಬಚ್ಚಲಿಗೆ ಹೋಗುವುದು, ಎಲ್ಲಕ್ಕೂ ಒಪ್ಪಿಕೊಂಡು ಬಂದಿದ್ದರು. ಗಡ್ಡದ ಹೊತ್ತು ಮಾತ್ರ ಅವರು ಮುಖ ಎತ್ತಿ ತಾವಾಗಿ ನನ್ನ ಕಡೆ ಕೊಡುತ್ತಿದ್ದರು. ಮಾತು ಹೋದ ಮೇಲೆ ನಮ್ಮಿಬ್ಬರ ನಡುವೆ ಇದ್ದ ಮಾತುಕತೆ ಎಂದರೆ ಅದೇ. ಅದೂ ನಿಂತುಹೋಗುತ್ತದೇನೋ ಎಂದು ಅಂದು ನನಗೆ ಭಯವಾಯಿತು. ಅರ್ಧ ಗಡ್ಡದಲ್ಲೇ ಬಿಟ್ಟೆವು. ಅಮ್ಮ ಮೇಜಿನ ಖಾನೆಯಿಂದ ಹಳೆಯ ತಲೆಯನ್ನು ತಂದು ಮಾತಿಲ್ಲದೆ ಕಿಟಕಿಯಲ್ಲಿಟ್ಟಳು.

ಮರುದಿನ ಬೆಳಿಗ್ಗೆ ಅಪ್ಪನ ಮುಂದೆ ಎರಡನ್ನೂ ಹಿಡಿದೆ. “ಅಪ್ಪಾ, ಯಾವುದು ಹಾಕಲಿ?” ಅವರು ಎಡಗೈಯ ಹೆಬ್ಬೆರಳನ್ನು ಒಂದೊಂದರ ಮೇಲೂ ಮೆಲ್ಲಗೆ ಆಡಿಸಿದರು, ಬಟ್ಟೆಯ ಪೋತ ನೋಡುವವರ ಹಾಗೆ. ಆಮೇಲೆ ಹೊಸದನ್ನು ತಟ್ಟಿ “ಹೂಂ” ಎಂದರು. ಶೇವರ್ ಶುರು ಮಾಡಿದೊಡನೆ ಎಡಗೈಯಿಂದ ನನ್ನ ಮಣಿಕಟ್ಟನ್ನು ಹಿಡಿದುಕೊಂಡರು. ತಡೆಯಲಿಕ್ಕಲ್ಲ. ಕೈ ಕೆನ್ನೆಗೆ ಹತ್ತಿರವಾದಾಗ ಸ್ವಲ್ಪ ಮೇಲೆತ್ತಿದರು. ಇನ್ನೂ ಸ್ವಲ್ಪ. ಶೇವರ್ ಚರ್ಮದ ಮೇಲೆ ತನ್ನ ತೂಕವನ್ನಷ್ಟೇ ಇಟ್ಟುಕೊಂಡು ನಿಂತಿತು. ಅಲ್ಲಿಂದ ಮೆಲ್ಲಗೆ, ಸಣ್ಣ ಸುತ್ತು ಹಾಕಿಸುತ್ತ ನಡೆಸಿದರು. ಕುತ್ತಿಗೆಯ ಮಡಿಕೆ ಬಂದಾಗ ಕೈ ನಿಲ್ಲಿಸಿ ಗದ್ದ ಮೇಲೆತ್ತಿದರು; ಚರ್ಮ ಬಿಗಿಯಾಗುವವರೆಗೆ ಬಿಡಲಿಲ್ಲ. ಸುಕ್ಕು ತೆಗೆಯದೆ ಕತ್ತರಿ ಹಾಕಬಾರದೆನ್ನುವುದು ಅವರ ಮೊದಲ ಪಾಠ. ಅಂಗಡಿಯಲ್ಲಿ ಕೆಲಸ ಕಲಿಯಲು ಬಂದ ಹುಡುಗರಿಗೂ ಅದನ್ನೇ ಹೇಳುತ್ತಿದ್ದರು. ನಾನು ಆ ಕೆಲಸ ಕಲಿಯಲಿಲ್ಲ, ಓದಲು ಹೋದೆ. ನಲವತ್ತಾರರಲ್ಲಿ ನನಗೂ ಪಾಠ ಶುರುವಾಯಿತು.

ಹಾಗೆ ನಾಲ್ಕು ಸಲ ನಡೆಯಿತು. ಪ್ರತಿ ಸಲವೂ ಮಣಿಕಟ್ಟಿನ ಮೇಲಿನ ಹಿಡಿತ ಸಡಿಲವಾಗುತ್ತ ಬಂತು. ಮೂರನೆಯ ವಾರ ಮುಗಿಯುವ ಹೊತ್ತಿಗೆ ಕುತ್ತಿಗೆಯ ಕೆಂಪು ಇಳಿದಿತ್ತು. ಚರ್ಮ ಒಗ್ಗಿತೋ, ಕೈ ಕೂತಿತೋ, ಹೊಸ ಬ್ಲೇಡೂ ಜಾಲರಿಯೂ ಒಂದಕ್ಕೊಂದು ಹೊಂದಿಕೊಂಡವೋ, ಬೇರೆ ಮಾಡಿ ಹೇಳುವುದು ಕಷ್ಟ. ಬಹುಶಃ ಮೂರೂ ಒಟ್ಟಿಗೆ ಆಗುವಂಥವೇ. ಇಪ್ಪತ್ತೈದು ನಿಮಿಷದ ಕೆಲಸ ಮತ್ತೆ ಹತ್ತಕ್ಕೆ ಬಂತು.

ಇದರ ಜೊತೆಗೆ, ನಾವು ಎಣಿಸದ ಇನ್ನೊಂದು ಸಂಗತಿ ನಡೆಯಿತು. ಹಳೆಯ ತಲೆಗೆ ಒತ್ತುವ ಬಲ ಬೇಕಿತ್ತು. ಅಭ್ಯಾಸವಿಲ್ಲದ ಎಡಗೈಗೆ ಅದು ಆಗುವ ಮಾತಾಗಿರಲಿಲ್ಲ. ಹೊಸದಕ್ಕೆ ಬಲವೇ ಬೇಡ. ನಾಲ್ಕನೆಯ ವಾರದಲ್ಲಿ ಒಂದು ದಿನ ಅಪ್ಪ ಮಣಿಕಟ್ಟು ಹಿಡಿಯುವ ಬದಲು ನನ್ನ ಕೈಯಿಂದ ಶೇವರನ್ನೇ ತೆಗೆದುಕೊಂಡರು. ಎಡಗೆನ್ನೆಗೆ ಇಟ್ಟುಕೊಂಡು, ಕಿವಿಯ ಬುಡದಿಂದ ಗದ್ದದವರೆಗೆ ತಾವೇ ಇಳಿಸಿದರು. ಬೆರಳಿನ ಹಿಂಬದಿಯಿಂದ ಸವರಿ ನೋಡಿ, ಉಳಿದಿದ್ದ ಕಡೆ ಮತ್ತೊಮ್ಮೆ ಹಾಯಿಸಿದರು. ಬಲಗೆನ್ನೆಯಲ್ಲಿ ಅವರಿಗೆ ಸ್ಪರ್ಶ ಸರಿಯಾಗಿ ತಿಳಿಯುವುದಿಲ್ಲ, ಕೈಯೂ ಅತ್ತ ಮುಟ್ಟುವುದಿಲ್ಲ. ಗದ್ದದ ನಡುವಿಗೆ ಬಂದು ನಿಲ್ಲಿಸಿ, “ಸಾಕು” ಎಂದು ಶೇವರ್ ನನಗೆ ಕೊಟ್ಟರು.

ಆವತ್ತಿನಿಂದ ಗದ್ದದ ನಡುವೆ ಸೀಮೆಸುಣ್ಣದ ಗೆರೆ ಎಳೆದಂತೆ ಕೆಲಸ ಹಂಚಿಕೆಯಾಗಿದೆ. ಮಂಗಳವಾರ, ಶುಕ್ರವಾರ ಅಮ್ಮ ಬಿಡುವುದಿಲ್ಲ. ಉಳಿದಂತೆ ದಿನ ಬಿಟ್ಟು ದಿನ ಅಪ್ಪ ಎಡಗಡೆಯ ಗಡ್ಡ ಮಾಡಿಕೊಳ್ಳುತ್ತಾರೆ, ಬಲಗಡೆಯದನ್ನು ನಾನು ಮಾಡುತ್ತೇನೆ. ಎಡಗಡೆಯದೇ ಹೆಚ್ಚು ನುಣುಪು ಎಂದು ಅಮ್ಮನ ತೀರ್ಪು. ಹೊಸ ತಲೆ ಹಾಕಿದ ತಾರೀಕನ್ನು ಡಬ್ಬಿಯ ಮುಚ್ಚಳದ ಒಳಗೆ ಬರೆದಿಟ್ಟಿದ್ದೇನೆ. ಮುಂದಿನ ತಲೆಗೆ ಇನ್ನೂ ಎರಡು ವರ್ಷವಿದೆ ಎಂದು ತೋರಿಸಿದಾಗ ಅಪ್ಪ ಆ ತಾರೀಕನ್ನು ತುಂಬ ಹೊತ್ತು ನೋಡಿದರು. ಆಮೇಲೆ ಎಡಗೈಯ ನಾಲ್ಕು ಬೆರಳು ಎತ್ತಿದರು. ನಾಲ್ಕು ವರ್ಷವೋ, ನಾಲ್ಕು ತಲೆಯೋ, ನಾನು ಕೇಳಲಿಲ್ಲ. “ಹೂಂ” ಎಂದೆ.