ದೊಡ್ಡಪ್ಪನ ಉದ್ರಿ ಪುಸ್ತಕ

ಬಯೋಟೆಕ್ ಬ್ರಾಂಚ್ ತಗೊಂಡ್ರೆ ಮನೆಯವರಿಗೆಲ್ಲ ಅರ್ಧ ಡಾಕ್ಟರ್ ಆಗ್ಬೇಕಾಗುತ್ತೆ ಅಂತ ನಮಗ್ಯಾರೂ ಹೇಳಿರಲಿಲ್ಲ. ಬಯೋಕೆಮಿಸ್ಟ್ರಿ ಶುರುವಾಗಿದ್ದೇ ತಡ, ನೆಂಟರ ಬ್ಲಡ್ ರಿಪೋರ್ಟ್‌ಗಳು ನಮ್ಮ ವಾಟ್ಸಾಪ್‌ಗೆ ಬರತೊಡಗಿದವು. "ನೀನು ಅದನ್ನೇ ಓದ್ತಿರೋದಲ್ವಾ, ಸ್ವಲ್ಪ ನೋಡಿ ಹೇಳಮ್ಮ."

ಲ್ಯಾಬ್ ಏನೋ ಖುಷಿಯೇ. ನೀಲಿ ಬೆನೆಡಿಕ್ಟ್ ದ್ರಾವಣಕ್ಕೆ ಗ್ಲೂಕೋಸ್ ಹಾಕಿ ಬಿಸಿ ಮಾಡಿದರೆ ಇಟ್ಟಿಗೆ ಕೆಂಪಾಗೋದನ್ನ ಎಷ್ಟು ಸಲ ನೋಡಿದರೂ ಬೇಜಾರಿಲ್ಲ. ಗ್ಲೈಕಾಲಿಸಿಸ್‌ನ 10 ಹಂತವೂ ನಮಗೆ ಬಾಯಿಪಾಠ. ಆದರೆ ಎಲ್ಲ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಒಂದು ಹಂತ ಹೇಳಿ ಅಂದರೆ ನಾವು ಮುಖ ಮುಖ ನೋಡ್ಕೋತೀವಿ.

ಹೀಗಿರುವಾಗ ನಮ್ಮಲ್ಲೊಬ್ಬಳ ದೊಡ್ಡಪ್ಪನ ರಿಪೋರ್ಟ್ ಬಂತು. ಹಳ್ಳಿಯಲ್ಲಿ ಕಿರಾಣಿ ಅಂಗಡಿ ಅವರದ್ದು, ಶುಗರ್ ಬಂದು ಆರು ವರ್ಷ. ಟೆಸ್ಟಿಗೆ ಎರಡು ದಿನ ಮುಂಚೆ ಸಿಹಿ ಬಿಟ್ಟು, ಅನ್ನ ಬಿಟ್ಟು ಹೋಗಿದ್ದರು. ಫಾಸ್ಟಿಂಗ್ 124. "126ರ ಒಳಗಿದೆ, ಇನ್ನು ಮಾತ್ರೆ ಯಾಕೆ?" ಅಂತ ಅವರ ವಾದ. ಕೆಳಗಿನ ಸಾಲಿನಲ್ಲಿ ಎಚ್‌ಬಿಎ1ಸಿ 8.2 ಇತ್ತು. 6.5 ದಾಟಿದರೇ ಡಯಾಬಿಟಿಸ್. ಅದು ಲ್ಯಾಬಿನವರ ತಪ್ಪಂತೆ!

ಕ್ಯಾಂಟೀನಿನಲ್ಲಿ ಕೂತು ಐದು ಜನ ಸೇರಿ ಬರೆದೆವು. ಗ್ಲೈಕೇಷನ್‌ಗೆ ಕನ್ನಡ ಪದ ಹುಡುಕೋದು ಬಿಟ್ಟು 'ಅಂಟೋದು' ಅಂದೆವು. ರಕ್ತದಲ್ಲಿರೋ ಗ್ಲೂಕೋಸ್ ಹಿಮೋಗ್ಲೋಬಿನ್‌ಗೆ ಅಂಟುತ್ತೆ. ಅದಕ್ಕೆ ಯಾವ ಕಿಣ್ವದ ಸಹಾಯವೂ ಬೇಡ. ಸಕ್ಕರೆ ಹೆಚ್ಚಿದ್ದಷ್ಟೂ ಅಂಟು ಹೆಚ್ಚು. ಗಟ್ಟಿಯಾಗಿ ಅಂಟಿದ್ದು ಆ ಕೆಂಪು ಕಣ ಸಾಯೋವರೆಗೂ ಬಿಡಲ್ಲ, ಕಣದ ಆಯಸ್ಸು ಸುಮಾರು 120 ದಿನ. ಹಾಗಾಗಿ ಅದರಲ್ಲಿ ಸಿಗೋದು ಎರಡು ಮೂರು ತಿಂಗಳ ಸರಾಸರಿ.

ಫೋನಿನಲ್ಲಿ ಓದಿ ಹೇಳಿದಾಗ ದೊಡ್ಡಪ್ಪ ಬರೀ ಹ್ಞೂಂ ಹ್ಞೂಂ ಅಂದರು. ಕೊನೆಗೆ ಅವಳೇ ಅಂದಳು: "ದೊಡ್ಡಪ್ಪಾ, ಫಾಸ್ಟಿಂಗ್ ಅಂದ್ರೆ ಇವತ್ತು ಬೆಳಗ್ಗೆ ಗಲ್ಲಾಪೆಟ್ಟಿಗೇಲಿ ಎಷ್ಟಿದೆ ಅನ್ನೋದು. ಇದು ನಿಮ್ಮ ಉದ್ರಿ ಪುಸ್ತಕ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದರು, "ಪುಸ್ತಕದಲ್ಲಿ ಹಾಳೆ ಹರಿದಿದ್ರೆ?"

ನಮ್ಮ ವೈವಾದಲ್ಲೂ ಯಾರೂ ಇಂಥ ಪ್ರಶ್ನೆ ಕೇಳಿಲ್ಲ! ಹಾಳೆ ಹರಿಯೋದು ನಿಜವಾಗಿಯೂ ಉಂಟು. ಕೆಲವು ರಕ್ತಹೀನತೆಗಳಲ್ಲಿ ಕೆಂಪು ಕಣ ಬೇಗ ಸಾಯುತ್ತೆ, ಆಗ ಸಂಖ್ಯೆ ಸುಳ್ಳೇ ಕಡಿಮೆ ಬರುತ್ತೆ. ಅವರ ಹಿಮೋಗ್ಲೋಬಿನ್ ಸರಿಯಾಗೇ ಇತ್ತು. ಆದರೂ ಮಾತ್ರೆ ಬಿಡೋದು, ಇಡೋದು ಡಾಕ್ಟರನ್ನೇ ಕೇಳಿ ಅಂದೆವು.

ಹೋಗಿ ಬಂದಿದ್ದಾರೆ. ಮಾತ್ರೆ ಮುಂದುವರಿದಿದೆ, ಬೈಗುಳವೂ ಸಿಕ್ಕಿದೆಯಂತೆ. ಜೊತೆಗೆ ಹೊಸ ರಿಪೋರ್ಟ್ ಕಳಿಸಿ ಕ್ರಿಯಾಟಿನಿನ್ ಅಂದ್ರೇನು ಅಂತ ಕೇಳಿದ್ದಾರೆ. ಇಂದು ಸಂಜೆ ಮತ್ತೆ ಕ್ಯಾಂಟೀನಿನಲ್ಲಿ ಕೂರಬೇಕು.