ಒಂದು ಮಿಲಿಮೀಟರಿನ ಮಾವ

ದಾವಣಗೆರೆಯವರಾದ ನಾವು ಅಳತೆಯ ವಿಷಯದಲ್ಲಿ ಧಾರಾಳಿಗಳು. ಮಂಡಕ್ಕಿಯನ್ನು ಸೇರಿನ ತಲೆತುಂಬ ಅಳೆದ ಮೇಲೂ ಒಂದು ಹಿಡಿ ಕೊಸರು ಬೀಳದಿದ್ದರೆ ಅಂಗಡಿಯವನ ಮುಖವನ್ನೇ ನೋಡುತ್ತಾ ನಿಲ್ಲುತ್ತೇವೆ. ದೋಸೆಯ ಮೇಲಿನ ಬೆಣ್ಣೆಗಂತೂ ಲೆಕ್ಕವಿಟ್ಟವರಿಲ್ಲ. ಪಿ.ಬಿ. ರಸ್ತೆ ಹಿಡಿದು ಸುಮಾರು 14 ಕಿಲೋಮೀಟರ್ ಹೋದರೆ ಹರಿಹರ. ಅಲ್ಲಿನ ಗಾಳಿಯೇ ಬೇರೆ. ಮಿಲಿಮೀಟರನ್ನು ನೂರು ಪಾಲು ಮಾಡಿ, ಅದರಲ್ಲಿ ಎರಡು ಪಾಲು ಹೆಚ್ಚಾಯಿತೆಂದು ರಾತ್ರಿ ಊಟ ಸೇರದೆ ಮಲಗಿದ ಗಂಡಸರ ಒಂದು ತಲೆಮಾರೇ ಆ ಊರಿನಲ್ಲಿತ್ತು. ನಮ್ಮ ಸೋದರಮಾವ ಆ ಪೈಕಿ.

ಮಾವ ಕೆಲಸ ಮಾಡಿದ್ದು ಯಂತ್ರಾಪುರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಟೂಲ್ ರೂಮಿನಲ್ಲಿ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿ, 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನ, 1941ರಲ್ಲಿ ತುಂಗಭದ್ರೆಯ ದಂಡೆಯ ಈ ಊರಿಗೆ ಬಂದು ಲೇತ್ ಮಾಡಲು ಕೂತಿತು. ಲೇತ್ ಎಂದರೆ ಯಂತ್ರಗಳನ್ನು ಹೆರುವ ಯಂತ್ರ. ಅದು ಒಂದು ಕೂದಲೆಳೆ ವಾರೆಯಾದರೆ ಅದರ ಮಕ್ಕಳು ಮೊಮ್ಮಕ್ಕಳೆಲ್ಲ ವಾರೆ. ಹಾಗಾಗಿ ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಎಂಬ ಹೆಸರು ಹೊತ್ತು ದೇಶದ ಮೂಲೆಮೂಲೆಗೆ ಹೊರಟ ಲೇತುಗಳ ಹಿಂದೆ, ಮೈಕ್ರೋಮೀಟರ್ ಹಿಡಿದು ಹುಬ್ಬು ಗಂಟಿಕ್ಕಿಕೊಂಡ ನಮ್ಮ ಮಾವನಂಥವರಿದ್ದರು. ಈ ಶತಮಾನದ ಆರಂಭದ ವರ್ಷಗಳಲ್ಲಿ ಕಾರ್ಖಾನೆ ಮುಚ್ಚಿತು. ಗಂಟಿಕ್ಕಿದ ಹುಬ್ಬು ಮಾತ್ರ ಮಾವನ ಜೊತೆ ಮನೆಗೆ ಬಂತು.

ಅದರ ಹಿಂದೆಯೇ ಬಂದದ್ದು ಸಾಮಾನು. ವರ್ನಿಯರ್, ವಿ-ಬ್ಲಾಕ್, ಟ್ಯಾಪ್ ಸೆಟ್ಟು, ಅಪ್ರೆಂಟಿಸ್ ಆಗಿದ್ದಾಗ ತನ್ನ ಕೈಯಾರೆ ಅರ ಹಾಕಿ ಮಾಡಿದ ಸ್ಕ್ರೈಬರು, ನಾನಾ ನಮೂನೆಯ ಅರಗಳು. ಇವೆಲ್ಲ ಟ್ರಂಕುಗಳಲ್ಲಿ, ಬಿಸ್ಕತ್ತಿನ ಡಬ್ಬಗಳಲ್ಲಿ, ಎಣ್ಣೆ ಹಚ್ಚಿದ ಹಳೆ ಪಂಚೆಗಳಲ್ಲಿ ಮನೆ ತುಂಬ ಸಂಸಾರ ಹೂಡಿದ್ದವು. ಹಬ್ಬಕ್ಕೆ ಮಡಿಕೋಲಿನಿಂದ ಸೀರೆ ಎಳೆಯಲು ಹೋದ ಅತ್ತೆಯ ಕಾಲ ಮೇಲೆ ಡ್ರಿಲ್ ಚಕ್ಕು ಬಿದ್ದ ದಿನ ತೀರ್ಪು ಹೊರಬಿತ್ತು: "ಒಂದು ಬೀರು ತನ್ನಿ. ಇಲ್ಲಾ ಇವನ್ನು ಗುಜರಿಗೆ ಹಾಕಿ."

ಬೀರು ಕೊಳ್ಳಲು ದಾವಣಗೆರೆಗೆ ಬಂದ ಮಾವನ ಜೊತೆ ನಾನೂ ಹೋದೆ. 1923ರಲ್ಲಿ ಗಾಡ್ರೇಜ್ ಕಂಪನಿ ಉಕ್ಕಿನ ಬೀರು ಮಾಡಿದ ಮೇಲೆ ನಮ್ಮ ಕಡೆ ಮದುವೆಯಾಗುವ ಹುಡುಗಿಯ ಹಿಂದೆ ಕನ್ನಡಿಯುಳ್ಳ ಬೀರು ಹೋಗುವುದು ಶಾಸ್ತ್ರದಷ್ಟೇ ಗಟ್ಟಿಯಾಯಿತು. ಯಾವ ಕಂಪನಿಯದಾದರೂ ನಮ್ಮ ಬಾಯಲ್ಲಿ ಅದು ಗಾಡ್ರೇಜೇ. ಅಂಗಡಿಯ ಹುಡುಗ ಕನ್ನಡಿ, ಒಳಲಾಕರು, ಗುಲಾಬಿ ಹೂವಿನ ಚಿತ್ರ ಎಲ್ಲ ತೋರಿಸಿದ. ಮಾವ ಬೆರಳ ಗೆಣ್ಣಿನಿಂದ ಬಾಗಿಲಿಗೆ ಒಮ್ಮೆ ಕುಟ್ಟಿ, ಕಿವಿಗೊಟ್ಟು, "ಇಪ್ಪತ್ತೆರಡು ಗೇಜು" ಅಂದ. ಹುಡುಗ ಹೆಮ್ಮೆಯಿಂದ ಹೌದೆಂದ. ಇಪ್ಪತ್ತೆರಡು ಹದಿನೆಂಟಕ್ಕಿಂತ ದೊಡ್ಡದಲ್ಲವೇ ಎಂಬ ಭಾವ. ಗೇಜಿನ ಲೆಕ್ಕ ತಿರುವುಮುರುವು: ಸಂಖ್ಯೆ ಏರಿದಷ್ಟೂ ತಗಡು ತೆಳು. 16 ಗೇಜು 1.6 ಮಿಲಿಮೀಟರ್, 18 ಅಂದರೆ 1.2, 22 ಅಂದರೆ ಬರೀ 0.7. "ಇದರಾಗೆ ಸೀರಿ ಇಡಬಹುದು. ಅದೂ ಜರಿ ಇಲ್ಲದ್ದು" ಎಂದು ಮಾವ ಹೊರಬಿದ್ದ. ಬೀರನ್ನು ತಾನೇ ಮಾಡುವುದೆಂದು ಅಲ್ಲೇ ಮೆಟ್ಟಿಲ ಮೇಲೆ ನಿರ್ಧಾರವಾಯಿತು.

ಹದಿನೆಂಟು ಗೇಜಿನ ಮೂರು ಶೀಟು ಕೊಂಡೆವು. ಎಂಟಡಿ ಉದ್ದ, ನಾಲ್ಕಡಿ ಅಗಲ, ಒಂದೊಂದೂ ಸುಮಾರು 28 ಕಿಲೋ. ಲಗೇಜ್ ಆಟೋದ ಹಿಂದೆ ಅವುಗಳ ಜೊತೆ ನನ್ನನ್ನೂ ಹೇರಲಾಯಿತು. ಅಶೋಕ ಟಾಕೀಸಿನ ರೈಲ್ವೆ ಗೇಟು ಎಂದಿನ ಶ್ರದ್ಧೆಯಿಂದ ಮುಚ್ಚಿತ್ತು. ಗೇಟು ತೆರೆದು ಆಟೋ ಹಳಿ ಹತ್ತಿದ್ದೇ ತಗಡು ಗುಡುಗಿತು. ಕಂಪನಿ ನಾಟಕ ನೋಡಿದ್ದವರಿಗೆ ಈ ಗುಡುಗಿನ ಗುರುತುಂಟು. ಸೈಡ್ ವಿಂಗಿನಲ್ಲಿ ಒಬ್ಬ ತಗಡು ಅಲ್ಲಾಡಿಸಿದರೆ ರಂಗದ ಮೇಲೆ ಮಳೆಗಾಲ. ಚಿಂದೋಡಿ ಮನೆತನದ ನಾಟಕ ಕಂಪನಿಯನ್ನು ಸಾಕಿದ ಊರು ನಮ್ಮದು. ಪಕ್ಕದಲ್ಲಿ ಸ್ಕೂಟರ್ ಮೇಲಿದ್ದ ಮುದುಕರೊಬ್ಬರು ನಿರಭ್ರವಾದ ಆಕಾಶವನ್ನು ಒಮ್ಮೆ ನೋಡಿ, ನನ್ನನ್ನು ನೋಡಿ, ಮುಂದಿನ ಪ್ರವೇಶಕ್ಕೆ ಕಾದವರಂತೆ ನಕ್ಕರು.

ಹರಿಹರದಲ್ಲಿ ಮಾವನ ಮನೆಯ ಹಿತ್ತಿಲಿನ ಶೆಡ್ಡೇ ವರ್ಕ್‌ಶಾಪು. ಅರ್ಧ ಭಾಗ ಸೌದೆ ಒಲೆ, ಅರ್ಧ ಭಾಗ ಬೆಂಚ್ ವೈಸು. ಕೆಲಸ ಶುರುವಾಗುವುದೆಂದರೆ ವೆಲ್ಡಿಂಗ್ ಶುರುವಾಗುವುದು ಅಂದುಕೊಂಡಿದ್ದೆ. ಮಾವ ಮೊದಲು ಕೈಗೆತ್ತಿಕೊಂಡದ್ದು ಪೆನ್ಸಿಲು. ಎಲ್ಲಿ ಬೆಸೆಯಬೇಕು ಅನ್ನುವುದಕ್ಕಿಂತ ಎಲ್ಲೆಲ್ಲಿ ಬೆಸೆಯದೆ ಬಿಡಬಹುದು ಅನ್ನುವುದೇ ಅವನ ಚಿಂತೆ. ಬೆನ್ನು ಮತ್ತು ಎರಡು ಪಕ್ಕಗಳನ್ನು ಬೇರೆ ಬೇರೆ ಕತ್ತರಿಸಿ ಅಂಟಿಸುವ ಬದಲು ಮಡಚಿ ತಿರುಗಿಸಿದರೆ ಮೂಲೆಗೆ ಬಲ ತಾನಾಗಿ ಬರುತ್ತದೆ. ಬಾಗಿಲ ಅಂಚನ್ನು ಒಳಕ್ಕೆ ಎರಡು ಸಲ ಮಡಚಿದರೆ ತೆಳು ತಗಡೂ ನೆಟ್ಟಗೆ ನಿಲ್ಲುತ್ತದೆ. "ಗುಡಿಯಾಗ ಹರಿಹರೇಶ್ವರನ್ನ ನೋಡಿದಿಯಲ್ಲ? ಅರ್ಧ ಹರ, ಅರ್ಧ ಹರಿ. ನಡುವೆ ಎಲ್ಲಾದ್ರೂ ವೆಲ್ಡಿಂಗ್ ಕಾಣ್ತೈತೇನು?" ಅಂದ. 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿಯ ದೇವರು, ಎಂಟುನೂರು ವರ್ಷಗಳ ಬಳಿಕ ಟೂಲ್ ರೂಮಿನ ಕಡೆಯಿಂದ ಹೀಗೆ ಪಾಸಾದ.

ಬೆಂಡಿಂಗನ್ನು ಪ್ರೆಸ್ ಇರುವ ಕಡೆ ಮಾಡಿಸಿ ತಂದ ಮೇಲೆ ಶೆಡ್ಡಿನಲ್ಲಿ ಮಿಂಚು ಹುಟ್ಟಿತು. ಎಲೆಕ್ಟ್ರೋಡು ತಾಗಿದಾಗಲೆಲ್ಲ ಆ ಬೀದಿಯ ಬಲ್ಬುಗಳು ಕಣ್ಣು ಮಿಟುಕಿಸಿದವು, ಫ್ಯಾನುಗಳು ನಿಟ್ಟುಸಿರಿಟ್ಟವು. ಸಂಜೆಯ ಧಾರಾವಾಹಿಯಲ್ಲಿ ಅತ್ತೆಯಿಂದ ಬೈಸಿಕೊಳ್ಳುತ್ತಿದ್ದ ಸೊಸೆ ಸರಿಯಾದ ಹೊತ್ತಿಗೆ ಮಂಕಾಗುತ್ತಿದ್ದಳು. ಪಕ್ಕದ ಮನೆಯ ಹೆಣ್ಣುಮಕ್ಕಳು ಗೋಡೆಯಾಚೆಯಿಂದ, "ಇನ್ನೆಷ್ಟು ಮೂಲಿ ಉಳಿದಾವ್ರೀ?" ಎಂದು ಕೇಳುವರು. ಅವರ ಮನೆಗೆ ಬಂದಿದ್ದ ಹೊಸ ಅಳಿಯ, ಮಾವ ಬೇಡಬೇಡವೆಂದರೂ ಮಿಂಚನ್ನು ಬರಿಗಣ್ಣಲ್ಲಿ ನೋಡುತ್ತಾ ನಿಂತ. ಆರ್ಕಿನ ಅತಿನೇರಳೆ ಕಿರಣ ಕಣ್ಣಿನ ಮೇಲ್ಪದರವನ್ನು ಸುಡುತ್ತದೆ. ಮೋಸವೆಂದರೆ ಆಗ ಏನೂ ಅನ್ನಿಸುವುದಿಲ್ಲ, ಕೆಲವು ಗಂಟೆ ಕಳೆದು ರಾತ್ರಿ ಕಣ್ಣಲ್ಲಿ ಮರಳು ತುಂಬಿದಂತಾಗುತ್ತದೆ. ಮಧ್ಯರಾತ್ರಿ ಅಳಿಯನ ಕಣ್ಣ ಮೇಲೆ ಆಲೂಗಡ್ಡೆ ಬಿಲ್ಲೆ ಇಟ್ಟು, ಬೆಳಿಗ್ಗೆ ಡಾಕ್ಟರ ಹತ್ತಿರ ಕರೆದೊಯ್ದರಂತೆ. ಆಮೇಲೆ ಆತ ಹೆಂಡತಿಯ ಮಾತನ್ನೂ ಕೇಳತೊಡಗಿದ್ದಾನೆಂದು ಅತ್ತೆಯ ವರದಿ.

ತೆಳು ತಗಡಿನ ವೆಲ್ಡಿಂಗ್ ಗೆರೆ ಎಳೆದಂತೆ ಸಾಗುವ ಕೆಲಸವಲ್ಲ. ಒಂದೇ ಸಮ ಎಳೆದರೆ ತೂತು ಬೀಳುತ್ತದೆ, ಇಲ್ಲವೇ ಇಡೀ ಬೆನ್ನು ಬಿಸಿಲಿಗಿಟ್ಟ ಹಪ್ಪಳದಂತೆ ಸೊಟ್ಟಗಾಗುತ್ತದೆ. ಮಾವ ಇಲ್ಲೊಂದು ಚುಕ್ಕಿ ಇಟ್ಟು, ಅಲ್ಲಿ ಹಾರಿ, ಎದುರು ಮೂಲೆಗೆ ಹೋಗಿ ಇನ್ನೊಂದಿಟ್ಟು, ಹಿಂದೆ ತಾಮ್ರದ ಪಟ್ಟಿ ಒತ್ತಿ ಹಿಡಿಯಲು ನನಗೆ ಹೇಳಿ, ಮತ್ತೆ ಟೀಗೆ ಕೂರುವನು. ನನ್ನ ದಾವಣಗೆರೆ ರಕ್ತಕ್ಕೆ ಈ ನಿಧಾನ ಒಗ್ಗಲಿಲ್ಲ. ಇಷ್ಟು ಬಿಸಿಗೆ ಏನಾಗುತ್ತೆ ಎಂದೆ.

"ಕಾದಾಗ ಏನೂ ಆಗಲ್ಲಪಾ. ಆರುವಾಗ ಎಳೀತೈತಿ."

ವಿಷಯ ಇಷ್ಟೇ. ಕಾದ ಜಾಗ ಹಿಗ್ಗಲು ಹೋಗುತ್ತದೆ, ಸುತ್ತಲಿನ ತಣ್ಣನೆಯ ತಗಡು ಬಿಡುವುದಿಲ್ಲ. ಎಡೆಯಿಲ್ಲದೆ ಅದು ತನ್ನೊಳಗೇ ದಪ್ಪಗಾಗುತ್ತದೆ. ಆರುವಾಗ ಮೊದಲಿದ್ದುದಕ್ಕಿಂತ ಗಿಡ್ಡವಾಗಿ, ಸುತ್ತಲಿನದನ್ನೆಲ್ಲ ತನ್ನ ಕಡೆ ಜಗ್ಗುತ್ತದೆ. ಅದಕ್ಕೇ ಬಿಸಿಯನ್ನು ಚೂರುಚೂರು ಹಂಚಬೇಕು, ಆರಲು ಹೊತ್ತು ಕೊಡಬೇಕು.

ತಗಡಿಗೆ ಸಿಕ್ಕ ಈ ಉಪಚಾರ ಯಂತ್ರಾಪುರಕ್ಕೆ ಸಿಗಲಿಲ್ಲ ಎಂದು ನನಗೆ ಆಮೇಲೆ ಹೊಳೆಯಿತು. ಶಿಫ್ಟಿನ ಸೈರನ್ನಿಗೆ ಸೈಕಲ್ಲುಗಳು ಹೊಳೆಯಾಗಿ ಹರಿಯುತ್ತಿದ್ದ ಕಾಲದಲ್ಲಿ ಆ ಊರು ನೆಟ್ಟಗೇ ಇತ್ತು. ಒಂದೇ ಸಲ ಆರಿದ್ದರಿಂದ ಎಳೆಯಿತು. ಗೇರ್ ಕತ್ತರಿಸುತ್ತಿದ್ದವನು ಜೆರಾಕ್ಸ್ ಅಂಗಡಿ ಇಟ್ಟ. ಪಾಲಿಸಿ ಮಾಡಿಸಿ ಎಂದು ಮನೆಮನೆ ತಿರುಗಿದವನು ಮೊದಲು ಸ್ಪಿಂಡಲ್ ಗ್ರೈಂಡ್ ಮಾಡುತ್ತಿದ್ದವನು. ಕೆಲವರು ಪುಣೆಗೆ, ಕೆಲವರು ಬೆಂಗಳೂರಿಗೆ ಹೋದರು. ಮಾವ ಕಿಟಕಿ ಗ್ರಿಲ್ ಮಾಡುವವರ ಹತ್ತಿರ ಸೇರಿದ. ಗ್ರಿಲ್ಲಿನ ಲೋಕದಲ್ಲಿ ಅತಿ ಚಿಕ್ಕ ಅಳತೆ ಸೂತು, ಅಂದರೆ ಇಂಚಿನ ಎಂಟನೇ ಒಂದು ಪಾಲು. ಮೈಕ್ರಾನಿನಲ್ಲಿ ಬದುಕಿದವನಿಗೆ ಅದು ಗಾವುದವೇ. ಗ್ರಿಲ್ಲಿನ ಕರ್ಣಕ್ಕೆಲ್ಲ ವರ್ನಿಯರ್ ಹಿಡಿದರೆ ದಿನಕ್ಕೆ ಕಿಟಕಿ ಎಷ್ಟಾದಾವು? ಅಲ್ಲಿ ಬಹಳ ದಿನ ನಿಲ್ಲಲಿಲ್ಲ. ಅವನ ಕೈಗೆ ತಕ್ಕ ಕೆಲಸ ಊರಿನಲ್ಲಿ ಉಳಿದಿರಲಿಲ್ಲ. ಕೈ ಮಾತ್ರ ಉಳಿದಿತ್ತು. ಈ ಬೀರು ಆ ಕೈಗೆ ಸಿಕ್ಕ ರಜೆಯಲ್ಲಿನ ಓವರ್‌ಟೈಮು.

ರೆಡ್ ಆಕ್ಸೈಡ್ ಬಳಿದ ಮೇಲೆ ಬಣ್ಣದ ಪ್ರಶ್ನೆ ಎದ್ದಿತು. ಅತ್ತೆಗೆ ಕೆನೆಬಣ್ಣ ಬೇಕು, ಮಗಳಿಗೆ ನೀಲಿ. ಮಾವ ಯಾರನ್ನೂ ಕೇಳದೆ ಹ್ಯಾಮರ್‌ಟೋನ್ ಡಬ್ಬ ತಂದ. ಸುತ್ತಿಗೆಯಿಂದ ಸಣ್ಣಗೆ ತಟ್ಟಿದ ಹಾಗೆ ಕಾಣುವ, ಯಂತ್ರಗಳ ಮೈಗೆ ಬಳಿಯುವ ಆ ಬೂದು ಹಸಿರು. ಸ್ಪ್ರೇ ಮುಗಿದ ಸಂಜೆ ಹಿತ್ತಿಲಿನಲ್ಲಿ ಒಂದು ಲೇತೇ ಎದ್ದು ನಿಂತಂತಿತ್ತು. ಅತ್ತೆ ಸುತ್ತ ಒಂದು ಪ್ರದಕ್ಷಿಣೆ ಬಂದು, "ಇದಕ್ಕೆ ಹೂ ಏರಿಸೋದೋ, ಗ್ರೀಸ್ ಹಚ್ಚೋದೋ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಕೆಳಗಿನ ಎರಡು ಅರೆಗಳನ್ನು ಹಪ್ಪಳ, ಸಂಡಿಗೆ, ಮಂಡಕ್ಕಿ ಡಬ್ಬಗಳಿಗೆ ಗೊತ್ತುಮಾಡಿದಳು. ಇಪ್ಪತ್ತೆರಡು ಗೇಜಿಗೆ ಸೀರೆಯೂ ಭಾರವೆಂದವನು, ಹದಿನೆಂಟು ಗೇಜಿನ ಮೇಲೆ ಮಂಡಕ್ಕಿ ಕೂತದ್ದನ್ನು ಮೌನವಾಗಿ ಒಪ್ಪಿಕೊಂಡ.

ಸುದ್ದಿ ಹಬ್ಬಿ, ಭಾನುವಾರ ಹಳೆಯ ಸಹೋದ್ಯೋಗಿಗಳು ಬಂದರು. ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದವರೊಬ್ಬರು ಜೇಬಿನಿಂದಲೇ ಸ್ಟೀಲ್ ಟೇಪು ತೆಗೆದರು. ನಿವೃತ್ತರ ಜೇಬಿನಲ್ಲಿ ಮಾತ್ರೆ ಇರುವುದು ಗೊತ್ತು, ಟೇಪು ಇರುವುದು ಅಂದೇ ಕಂಡದ್ದು. ಬಾಗಿಲ ಸಂದಿಗೆ ಫೀಲರ್ ಗೇಜು ತೂರಿಸಿದರು. ಕೀಲುಗಳನ್ನು ಅಲ್ಲಾಡಿಸಿದರು. ಆರಡಿ ಎತ್ತರ, ಮೂರಡಿ ಅಗಲದ ಮುಖಕ್ಕೆ ಮೂಲೆಯಿಂದ ಮೂಲೆಗೆ ಟೇಪು ಹಿಡಿದು, ಎರಡೂ ಕರ್ಣಗಳನ್ನು ಅಳೆದು, ಕನ್ನಡಕ ಒರೆಸಿ ಮತ್ತೆ ಅಳೆದರು.

"ಒಂದು ಮಿಲಿಮೀಟರ್ ಫರಕು ಐತಿ."

ಎರಡು ಮೀಟರಿನಾಚೆಗಿನ ಅಳತೆಯಲ್ಲಿ ಒಂದು ಮಿಲಿಮೀಟರ್! ನಮ್ಮ ಊರಿನಲ್ಲಾಗಿದ್ದರೆ ಸನ್ಮಾನ ಮಾಡಿ ಹಣ್ಣಿನ ಬುಟ್ಟಿ ಕೊಡುತ್ತಿದ್ದರು. ಇಲ್ಲಿ ಚರ್ಚೆ ಶುರುವಾಯಿತು. ತಪ್ಪು ಬೆಂಡಿಂಗಿನದೋ, ಟ್ಯಾಕಿನದೋ, ನೆಲದ್ದೋ, ಟೇಪಿನದೋ? ಒಬ್ಬರು ನೆಲಕ್ಕೆ ಸ್ಪಿರಿಟ್ ಲೆವೆಲ್ ಇಟ್ಟರು, ಇನ್ನೊಬ್ಬರು ಮೊಣಕಾಲು ನೋವು ಮರೆತು ಬೀರಿನ ತಳಕ್ಕೆ ಇಣುಕಿದರು. ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಂದು ಆರಿದರೂ ಯಾರೂ ಕೂರಲಿಲ್ಲ. ಅಷ್ಟು ಖುಷಿಯಾಗಿದ್ದ ಆ ಮುಖಗಳನ್ನು ನಾನು ಯಾವ ಮದುವೆ ಮನೆಯಲ್ಲೂ ಕಂಡಿರಲಿಲ್ಲ.

ಕೊನೆಗೆ ಇನ್‌ಸ್ಪೆಕ್ಷನ್ನಿನವರು ಟೇಪು ಸುತ್ತಿ ಜೇಬಿಗಿಟ್ಟು, "ನನಗೂ ಒಂದು ಮಾಡಿಕೊಡು. ಆ ಒಂದು ಮಿಲಿಮೀಟರ್ ಮಾತ್ರ ಬ್ಯಾಡ" ಎಂದರು.

ಮಾವ ಹುಬ್ಬು ಗಂಟಿಕ್ಕಿ ನನ್ನ ಕಡೆ ತಿರುಗಿದ. "ಡ್ರಾಯಿಂಗ್ ಕೊಟ್ಟು ಹೋಗು ಅನ್ನಲೇ ಇವನಿಗೆ. ಬಾಯಿಮಾತಿನ ಆರ್ಡರ್ ನಾವು ತಗಳ್ಳಲ್ಲ."